ಅರ್ಧ ಸಕ್ಕರೆಯ ಜಾಮ್

ಚೆನ್ನೈಗೆಲ್ಲ ಹಣ್ಣು ತರಕಾರಿ ಬರುವ ಕೋಯಂಬೇಡಿನ ಮಾರುಕಟ್ಟೆ ಲಾಕ್‌ಡೌನಿನಲ್ಲಿ ಮುಚ್ಚಿದ ಸುದ್ದಿ ಬಂದ ಮರುದಿನ ಬೆಳಿಗ್ಗೆ ನನಗೆ ಕೀಲ್ಪಾಕಿನಿಂದ ಒಂದು ಫೋನ್ ಬಂತು. ಮಾತಾಡಿದವರು ಬ್ಯಾಂಕಿನಿಂದ ನಿವೃತ್ತರಾದ ಹಿರಿಯ ಮಹಿಳೆ. ಹಿಂದೊಮ್ಮೆ ನಮ್ಮ ಕೇಂದ್ರಕ್ಕೆ ಬಂದು ಹಣ್ಣು ಸಂಸ್ಕರಣೆಯ ಸಣ್ಣ ತರಬೇತಿ ಪಡೆದಿದ್ದರು. ತರಗತಿಯಲ್ಲಿ ಮುಂದಿನ ಬೆಂಚಿನಲ್ಲೇ ಕೂತು ಎಲ್ಲರಿಗಿಂತ ಹೆಚ್ಚು ವಾದ ಮಾಡಿದವರು. ಹಾಗಾಗಿ ದನಿ ಕೇಳಿದ ಕೂಡಲೇ ಗುರುತು ಹತ್ತಿತು.

“ಮಾವಿನಹಣ್ಣೆಲ್ಲಾ ಕೆಳಗೆ ವಿಳ್ತಾ ಇದೆ ಮ್ಮ. ಕಾಂಟ್ರಾಕ್ಟ್ ತೊಗೊಂಡೋನು ಫೋನೇ ಎಡುಕ್ತಾ ಇಲ್ಲ. ನನಗಾದ್ರೆ ಪೆನ್ಷನ್ ಬರುತ್ತೆ. ಅಕ್ಕಪಕ್ಕದೋರು ಏನ್ ಮಾಡ್ತಾರೆ? ಎಲ್ಲರೂ ಸೇರಿ ಜಾಮ್ ಮಾಡೋಣಾಂತ ಇದೀವಿ. ನೀವು ಬಂದು ಸ್ವಲ್ಪ ಪಾತ್ಕೋಬೇಕು, ನಿಂತು ಹೇಳ್ಕೊಡ್ಬೇಕು.”

ಅವರ ಮನೆತನ ಮದರಾಸಿಗೆ ಬಂದು ನಾಲ್ಕು ತಲೆಮಾರು ಆಗಿತ್ತು. ಕನ್ನಡದೊಳಗೆ ತಮಿಳು ಎಲ್ಲಿ ಸೇರಿಕೊಂಡಿತು ಎನ್ನುವುದು ಅವರಿಗೇ ತಿಳಿಯುತ್ತಿರಲಿಲ್ಲ. ರೆಡ್ ಹಿಲ್ಸ್ ದಾಟಿ ಒಳಗೆ ಹೋದರೆ ಅವರ ತಾತನ ಕಾಲದ ಮಾವಿನ ತೋಟ. ಸುತ್ತ ಐದಾರು ಕುಟುಂಬಗಳ ಚಿಕ್ಕಚಿಕ್ಕ ತೋಟಗಳು. ಆ ಊರಿನ ಹೆಂಗಸರು ಇವರನ್ನು ಬ್ಯಾಂಕಮ್ಮ ಎಂದೇ ಕರೆಯುತ್ತಿದ್ದರು. ನಾನೂ ಇಲ್ಲಿ ಹಾಗೆಯೇ ಕರೆಯುತ್ತೇನೆ.

ನಾನು ಮೈಸೂರಿನಲ್ಲಿ ಆಹಾರ ತಂತ್ರಜ್ಞಾನ ಓದಿ, ಮದುವೆಯಾದ ಮೇಲೆ ಚೆನ್ನೈಗೆ ಬಂದವಳು. ಅಣ್ಣಾ ನಗರದ ತರಬೇತಿ ಕೇಂದ್ರವೊಂದರಲ್ಲಿ ಜಾಮ್, ಉಪ್ಪಿನಕಾಯಿ, ಸ್ಕ್ವಾಶ್ ಮಾಡುವುದನ್ನು ಕಲಿಸುವುದು ನನ್ನ ಕೆಲಸ. ಆಗ ಕೇಂದ್ರ ಮುಚ್ಚಿತ್ತು. ಆಹಾರಕ್ಕೆ ಸಂಬಂಧಿಸಿದ ಕೆಲಸವೆಂದು ಓಡಾಡಲು ಪಾಸು ಸಿಕ್ಕಿತು. ಬ್ಯಾಂಕಮ್ಮ ಅಷ್ಟರಲ್ಲೇ ಜಾಮ್ ಯಾರಿಗೆ ಎನ್ನುವುದನ್ನೂ ಗೊತ್ತುಮಾಡಿಬಿಟ್ಟಿದ್ದರು. ಕೀಲ್ಪಾಕಿನ ಲಾಡ್ಜ್ ಒಂದರಲ್ಲಿ ಕೋವಿಡ್ ವಾರ್ಡಿನ ನರ್ಸ್‌ಗಳನ್ನು ಮನೆಗೆ ಕಳಿಸದೆ ಇರಿಸಿಕೊಂಡಿದ್ದರು. ಅವರ ಊಟ ತಿಂಡಿ ನೋಡಿಕೊಳ್ಳುತ್ತಿದ್ದವನು ಮದುವೆ ಅಡುಗೆಯ ಕಂಟ್ರಾಕ್ಟರ್. ಚನ್ನರಾಯಪಟ್ಟಣದ ಕಡೆಯವನು. ಮದುವೆಗಳೆಲ್ಲ ನಿಂತಿದ್ದರಿಂದ ಅವನ ಒಲೆಗಳು ಈ ಕೆಲಸಕ್ಕೆ ಬಂದಿದ್ದವು. ಹೊತ್ತಲ್ಲದ ಹೊತ್ತಿಗೆ ಡ್ಯೂಟಿಗೆ ಹೋಗುವ ನರ್ಸ್‌ಗಳಿಗೆ ಬ್ರೆಡ್ ಕೊಟ್ಟರೆ ಅನುಕೂಲ, ಆದರೆ ಅದಕ್ಕೆ ಹಚ್ಚಲು ಅಂಗಡಿಯಲ್ಲಿ ಜಾಮ್ ಇಲ್ಲ ಎಂದು ಅವನು ಪರದಾಡುತ್ತಿದ್ದ.

ತೋಟ ತಲುಪಿದಾಗ ಹಣ್ಣಿನ ವಾಸನೆ ರಸ್ತೆಗೇ ಬರುತ್ತಿತ್ತು. ಪಂಪ್‌ಸೆಟ್ಟಿನ ಪಕ್ಕದ ಶೆಡ್ಡಿನಲ್ಲಿ ಬಂಗನಪಲ್ಲಿ ಒಂದು ಕಡೆ, ನಾವು ಗಿಣಿಮೂತಿ ಎನ್ನುವ, ಅಲ್ಲಿಯವರು ಕಿಳಿಮೂಕು ಎನ್ನುವ ಹಣ್ಣು ಇನ್ನೊಂದು ಕಡೆ ರಾಶಿ ಬಿದ್ದಿತ್ತು. ಹೆಂಗಸರು ಮುಖಕ್ಕೆ ಸೆರಗು ಕಟ್ಟಿಕೊಂಡು ದೂರ ದೂರ ಕೂತಿದ್ದರು. ಮಾತಾಡುವವಳು ಒಬ್ಬಳೇ, ಪಕ್ಕದ ತೋಟದಾಕೆ. ಗಂಡ ತೀರಿಕೊಂಡ ಮೇಲೆ ತೋಟವನ್ನು ತಾನೇ ನೋಡಿಕೊಳ್ಳುತ್ತಿದ್ದಳು. ಅವಳದು ತಮಿಳು.

“ಹಣ್ಣು ಬೇಕಾದಷ್ಟಿದೆ ಮೇಡಂ, ಕೈ ಬೇಕಾದಷ್ಟಿದೆ,” ಎಂದಳು. “ಸಕ್ಕರೆ ಒಂದೇ ಇಲ್ಲ. ಅಂಗಡಿಯವನು ಒಬ್ಬೊಬ್ಬರಿಗೆ ಒಂದು ಪ್ಯಾಕೆಟ್ ಅಂತಾನೆ. ಎರಡನೇ ಸಲ ಹೋದರೆ ಮುಖ ನೋಡಿ ಗುರುತು ಹಿಡೀತಾನೆ.”

ಸಗಟು ವ್ಯಾಪಾರಿಗಳ ಲಾರಿಗಳು ಓಡುತ್ತಿರಲಿಲ್ಲ. ನನ್ನ ಪರಿಚಯದ ಇಬ್ಬರು ವ್ಯಾಪಾರಿಗಳಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಮೂಟೆ ಲೆಕ್ಕದಲ್ಲಿ ಕೇಳುವುದನ್ನು ಸದ್ಯಕ್ಕೆ ಮರೆತುಬಿಡಿ ಎಂದರು. ಹೆಂಗಸರು ತಮ್ಮ ತಮ್ಮ ಮನೆಯ ಡಬ್ಬಿಗಳಿಂದ ತಂದದ್ದು, ಬ್ಯಾಂಕಮ್ಮ ಕೀಲ್ಪಾಕಿನ ನೆಂಟರಿಷ್ಟರಿಂದ ಕೂಡಿಸಿದ್ದು, ನಾನು ಕೇಂದ್ರದ ಉಗ್ರಾಣದಿಂದ ಅನುಮತಿ ಪಡೆದು ತಂದದ್ದು, ಎಲ್ಲ ಸೇರಿದರೂ ಆ ರಾಶಿಯ ಮುಂದೆ ಏನೂ ಅಲ್ಲ.

ಜಾಮ್‌ನಲ್ಲಿ ಸಕ್ಕರೆ ಇರುವುದು ಬರಿಯ ಸಿಹಿಗಲ್ಲ. ಹಣ್ಣಿನಲ್ಲಿರುವ ನೀರನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಹಾಗೆ ಹಿಡಿದಿಟ್ಟರೆ ಮಾತ್ರ ಬೂಷ್ಟಿಗೆ ಬೆಳೆಯಲು ನೀರು ಸಿಗುವುದಿಲ್ಲ. ಕುದಿಸಿ ಇಳಿಸುವ ಹೊತ್ತಿಗೆ ನೂರು ಭಾಗದಲ್ಲಿ ಅರವತ್ತೈದಕ್ಕೆ ಕಡಿಮೆ ಇಲ್ಲದಂತೆ ಕರಗಿದ ಅಂಶ ಇರಬೇಕು. ಅದನ್ನು ಅಳೆಯಲು ಕೈಯಲ್ಲಿ ಹಿಡಿಯುವ ಒಂದು ಸಣ್ಣ ದುರ್ಬೀನಿನಂಥ ಉಪಕರಣವಿದೆ. ಗಾಜಿನ ಮೇಲೆ ಒಂದು ತೊಟ್ಟು ಹಚ್ಚಿ, ಬೆಳಕಿಗೆ ಹಿಡಿದು ನೋಡಿದರೆ ಅಂಕಿ ಕಾಣುತ್ತದೆ. ಇದನ್ನೆಲ್ಲ ವಿವರಿಸಿ, ತಿರುಳಿನ ಮುಕ್ಕಾಲು ತೂಕದಷ್ಟಾದರೂ ಸಕ್ಕರೆ ಬೇಕು ಎಂದೆ.

“ಅಷ್ಟೆಲ್ಲಾ ವೇಂಡಾಂ ಮ್ಮ,” ಎಂದರು ಬ್ಯಾಂಕಮ್ಮ. “ಯುದ್ಧದ ಟೈಮಲ್ಲಿ ಜಪಾನ್‌ನೋರು ಬಾಂಬ್ ಹಾಕ್ತಾರೇಂತ ಊರೆಲ್ಲಾ ಕಾಲಿ ಮಾಡಿದಾಗ ನಮ್ಮೋರು ಇದೇ ತೋಟಕ್ಕೆ ಬಂದಿದ್ದು. ಆಗ ಸಕ್ಕರೆ ರೇಷನ್. ಕಾರ್ಡಿಗೆ ಕೊಟ್ಟಿದ್ದು ಕಾಪಿಗೇ ಸಾಲ್ತಿರಲಿಲ್ಲವಂತೆ. ನಮ್ಮಮ್ಮ ಪಾದಿ ಸಕ್ಕರೇಲೇ ಜಾಮ್ ಮಾಡಿದ್ಳು. ಅರ್ಧ ಅಂದ್ರೆ ಅರ್ಧ. ಇಡೀ ಮಳೆಗಾಲ ಮನೇಲಿ ಎಲ್ಲರೂ ತಿಂದ್ರು.”

ಬ್ಯಾಂಕಮ್ಮ ಹುಟ್ಟಿದ್ದೇ ಯುದ್ಧ ಮುಗಿದ ಮೇಲೆ. ಆದರೆ ಆ ಕತೆಯನ್ನು ಕಣ್ಣಾರೆ ಕಂಡವರಂತೆ ಹೇಳುತ್ತಿದ್ದರು. ಅರ್ಧ ಸಕ್ಕರೆಯಲ್ಲಿ ಜಾಮ್ ಆಗುವುದೇ ಇಲ್ಲವೆಂದು ನಾನು ಹೇಳಲಿಲ್ಲ. ಅರವತ್ತೈದು ಬರುವ ತನಕ ಕುದಿಸುತ್ತಲೇ ಇರಬೇಕು, ಸೌದೆ ಹೆಚ್ಚು ಹೋಗುತ್ತದೆ, ಬಣ್ಣ ಕಂದಾಗುತ್ತದೆ, ಪಾತ್ರೆಯಲ್ಲಿ ಉಳಿಯುವುದು ಕಡಿಮೆ ಎಂದೆ. ಅಂಕಿ ಬಾರದೆ ಇಳಿಸಕೂಡದು ಎಂದು ಎರಡು ಸಲ ಹೇಳಿದೆ.

ಮೊದಲ ದಿನಗಳ ಕೆಲಸ ಚೆನ್ನಾಗಿ ನಡೆಯಿತು. ಬಂಗನಪಲ್ಲಿಗೆ ಪರಿಮಳವಿದೆ, ಹುಳಿ ಇಲ್ಲ. ಅದರ ಜೊತೆ ಅರೆಹಣ್ಣಾದ ಗಿಣಿಮೂತಿ ಸೇರಿಸಿದೆವು, ಜಾಮ್ ಗಟ್ಟಿಯಾಗಲು ಬೇಕಾದ ಪೆಕ್ಟಿನ್ ಎಂಬ ಅಂಶ ಅದರಲ್ಲಿ ಹೆಚ್ಚು. ಅಗಲ ಬಾಯಿಯ ಪಾತ್ರೆ, ಎಡೆಬಿಡದೆ ಕೈಯಾಡಿಸುವುದು, ಕೊನೆಯಲ್ಲಿ ನಿಂಬೆರಸ. ಸೌಟಿನಿಂದ ಎತ್ತಿ ಬಿಟ್ಟರೆ ತೊಟ್ಟಿಕ್ಕದೆ ಹಾಳೆಯಂತೆ ಜಾರಬೇಕು. ಪಕ್ಕದ ತೋಟದಾಕೆಯ ಕೈ ಇದಕ್ಕೆ ಬೇಗ ಹೊಂದಿಕೊಂಡಿತು. ಮೊದಲ ಬಾಟಲಿಗಳು ಲಾಡ್ಜಿಗೆ ಹೋದವು, ಇನ್ನೂ ಬೇಕು ಎಂದು ಅಡುಗೆ ಕಂಟ್ರಾಕ್ಟರ್ ಫೋನ್ ಮಾಡಿದ. ಎಲ್ಲ ಸರಿಯಿದೆ ಎನ್ನುವಾಗಲೇ ಒಂದು ಬೆಳಿಗ್ಗೆ ನನ್ನ ಮಗಳು ಬಾಲ್ಕನಿಯಿಂದ ಒಳಗೆ ಬಂದಳು. ಅವಳು ಕನ್ನಡ ಕೇಳಿಸಿಕೊಳ್ಳುತ್ತಾಳೆ, ಉತ್ತರ ಮಾತ್ರ ತಮಿಳಿನಲ್ಲಿ.

“ಅಮ್ಮಾ, ನಮ್ಮ ಸ್ಟ್ರೀಟ್ ಫುಲ್ಲಾ ತಗರಂ ಅಡಿಕ್ಕಿರಾಂಗ.”

ನಮ್ಮ ಬೀದಿಯ ಎರಡೂ ತುದಿಗೆ ತಗಡು ಹೊಡೆಯುತ್ತಿದ್ದರು. ಮೂರನೆಯ ಮನೆಯಲ್ಲಿ ಇಬ್ಬರಿಗೆ ಸೋಂಕು. ಪಾಸು ಇದ್ದರೂ ಬೀದಿ ದಾಟುವ ಹಾಗಿರಲಿಲ್ಲ.

ಆ ಮೇಲೆ ಎಲ್ಲ ಫೋನಿನಲ್ಲೇ. ಬ್ಯಾಂಕಮ್ಮ ತೋಟದಲ್ಲೇ ಉಳಿದುಬಿಟ್ಟಿದ್ದರು. ಅಳೆಯುವ ಉಪಕರಣ ಅವರ ಬಳಿಯೇ ಇತ್ತು. ದಿನಾ ಫೋನ್ ಮಾಡಿ ಹೇಗೆ ಬಂತು ಎಂದು ಕೇಳುತ್ತಿದ್ದೆ. “ಕೆಟ್ಟಿಯಾಗಿ ಬಂದಿದೆ ಮ್ಮ, ಕಲರ್ ಪ್ರಮಾದವಾಗಿದೆ,” ಎನ್ನುತ್ತಿದ್ದರು. ಗಟ್ಟಿಯಾಗಿ ಬಂದಿದೆ, ಬಣ್ಣ ಸೊಗಸಾಗಿದೆ ಎಂದರ್ಥ. ಆ ಬಿಸಿಲಿಗೆ ಹಣ್ಣು ನಾವು ಅಂದುಕೊಂಡದ್ದಕ್ಕಿಂತ ಬೇಗ ಮಾಗುತ್ತಿತ್ತು. ಸಕ್ಕರೆ ಕೂಡಿಸುವುದು ಅಷ್ಟೇ ಬೇಗ ಕಷ್ಟವಾಗುತ್ತಿತ್ತು. ಅರ್ಧ ಸಕ್ಕರೆಯಲ್ಲೇ ಮಾಡುತ್ತಿದ್ದಾರೆ ಎನ್ನುವುದೂ ನನಗೆ ಗೊತ್ತಿತ್ತು.

ತಗಡು ತೆಗೆದ ದಿನವೇ ತೋಟಕ್ಕೆ ಹೋದೆ. ಶೆಡ್ಡಿನ ಗೋಡೆಗೆ ಹಲಗೆ ಹಾಕಿ ಬಾಟಲಿಗಳನ್ನು ಸಾಲಾಗಿ ಜೋಡಿಸಿದ್ದರು. ನೋಡಲು ಕಣ್ಣಿಗೆ ಹಿತವಾಗಿತ್ತು. ನಿಜಕ್ಕೂ ಬಣ್ಣ ತುಂಬ ಚೆನ್ನಾಗಿತ್ತು. ನನಗೆ ಅನುಮಾನ ಬಂದದ್ದೇ ಆ ಬಣ್ಣದಿಂದ. ಸಾಕಷ್ಟು ಕುದಿದ ಅರ್ಧ ಸಕ್ಕರೆಯ ಜಾಮ್ ಅಷ್ಟು ಹಳದಿಯಾಗಿರಲು ಸಾಧ್ಯವಿಲ್ಲ.

ಒಂದು ಬಾಟಲಿ ತೆಗೆದು ಬೆಳಕಿಗೆ ಹಿಡಿದೆ. ಮುಚ್ಚಳದ ಕೆಳಗೆ ಬೂದು ಹಸಿರಿನ ಒಂದು ಚುಕ್ಕೆ. ಪಕ್ಕದ್ದರಲ್ಲಿ ಏನೂ ಇಲ್ಲ. ಅದರಾಚೆಯದನ್ನು ತಿರುಗಿಸಿದಾಗ ಮುಚ್ಚಳ ಸಣ್ಣಗೆ ಸದ್ದು ಮಾಡಿ ಸಡಿಲವಾಯಿತು, ಅಂಚಿನಲ್ಲಿ ನೊರೆ. ಒಳಗೆ ಹುದುಗುತ್ತಿತ್ತು. ಉಪಕರಣ ತರಿಸಿ ಅಳೆದೆ. ನಲವತ್ತೆಂಟು.

“ನೋಡಿದ್ರಾ ಇದನ್ನ?” ಎಂದು ಬ್ಯಾಂಕಮ್ಮನನ್ನು ಕೇಳಿದೆ.

“ನೋಡಿದೆ,” ಎಂದರು. ಅವರು ಸುಳ್ಳು ಹೇಳುವವರಲ್ಲ. “ಫಾರ್ಟಿ ಎಯ್ಟ್, ಫಿಫ್ಟಿ, ಹಾಗೇ ಬರ್ತಾ ಇತ್ತು. ಅರವತ್ತೈದು ಬರೋ ತನಕ ಕಾಯ್ಸಿದ್ರೆ ಅಂಡಾ ಪಾತ್ರೇಲಿ ಮಿಚ್ಚ ಉಳಿಯೋದು ಏನಿರುತ್ತೆ? ಅಷ್ಟೊತ್ತಿಗೆ ಈ ಕಡೆ ಹಣ್ಣು ಅಳುಗಿ ಕೊಳೆತು ಹೋಗ್ತಾ ಇತ್ತು. ಕೆಟ್ಟಿಯಾಗಿ ಇತ್ತು ಮ್ಮ, ಸ್ಪೂನ್ ನಿಲ್ತಾ ಇತ್ತು.”

ಇಲ್ಲಿ ಮಾವು ಮೋಸ ಮಾಡುತ್ತದೆ. ತಿರುಳೇ ದಪ್ಪ, ನಾರು ಬೇರೆ. ಸ್ವಲ್ಪ ಕುದಿಸಿದರೂ ಚಮಚ ನಿಲ್ಲುವಷ್ಟು ಗಟ್ಟಿ ಕಾಣುತ್ತದೆ. ನೀರು ಮಾತ್ರ ಒಳಗೆ ಹಾಗೇ ಇರುತ್ತದೆ.

ಈ ಬಾಟಲಿಗಳಲ್ಲಿ ಒಂದೂ ಇನ್ನೂ ಲಾಡ್ಜಿಗೆ ಹೋಗಿರಲಿಲ್ಲ, ವ್ಯಾನು ಮರುದಿನ ಬೆಳಿಗ್ಗೆ ಬರುವುದಿತ್ತು. ಹೆಂಗಸರು ಕೈ ಒರೆಸಿಕೊಂಡು ಬಂದು ಸುತ್ತ ನಿಂತರು. ಚುಕ್ಕೆ ಕಂಡ ಬಾಟಲಿಗಳನ್ನು ಬೇರೆ ಇಡೋಣ, ಮೇಲಿನದನ್ನು ಕೆರೆದು ತೆಗೆದು ಉಳಿದದ್ದನ್ನು ಮತ್ತೆ ಕುದಿಸೋಣ ಎಂದರು ಬ್ಯಾಂಕಮ್ಮ. ನಾನು ಆಗುವುದಿಲ್ಲ ಎಂದೆ. ಬೂಷ್ಟು ಮೇಲೆ ಚುಕ್ಕೆಯಾಗಿ ಕಂಡರೂ ಇಷ್ಟು ಮೆತ್ತಗಿನ ಜಾಮ್‌ನಲ್ಲಿ ಅದರ ಬೇರು ಕೆಳಗೆ ಇಳಿದಿರುತ್ತದೆ. ಕೆಲವು ಬೂಷ್ಟುಗಳು ಬಿಡುವ ವಿಷ ಕುದಿಸಿದರೆ ಹೋಗುವುದಿಲ್ಲ. ಯಾವ ಬಾಟಲಿಯಲ್ಲಿ ಯಾವುದಿದೆ ಎಂದು ಕಂಡುಹಿಡಿಯಲು ನನ್ನಲ್ಲಿ ದಾರಿಯಿಲ್ಲ. ಇದನ್ನು ಕನ್ನಡದಲ್ಲಿ ಒಮ್ಮೆ, ತಮಿಳಿನಲ್ಲಿ ಒಮ್ಮೆ ಹೇಳಿದೆ.

“ಅಂದ್ರೆ ಚುಕ್ಕೆ ಇಲ್ಲದ್ದು?” ಎಂದು ಪಕ್ಕದ ತೋಟದಾಕೆ ಕೇಳಿದಳು.

“ಅದೂ ಬೇಡ. ಎಲ್ಲ ಒಂದೇ ಅಳತೆಯಲ್ಲಿ ಇಳಿಸಿದ್ದು. ಇವತ್ತು ಕಂಡಿಲ್ಲ, ನಾಳಿದ್ದು ಕಾಣುತ್ತೆ.”

ಅವಳು ಬಾಟಲಿಗಳ ಸಾಲನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿದಳು. “ಮನೇಲಿ ಮಕ್ಕಳಿಗೆ ಬೆಲ್ಲದ ಕಾಪಿ ಕೊಟ್ಟು ಸಕ್ಕರೆ ಇಲ್ಲಿಗೆ ತಂದೆ ಮೇಡಂ,” ಎಂದಳು. ದನಿ ಏರಿಸಲಿಲ್ಲ.

ಬ್ಯಾಂಕಮ್ಮನಿಗೆ ಸಿಟ್ಟು ಬಂದಿತ್ತು. “ನಮ್ಮಮ್ಮ ಇದೇ ಥರ ಮೇಲಿಂದು ಎಡುತ್ತು ಬಿಸಾಕಿ, ಕೆಳಗಿನದು ಕಾಯ್ಸಿ ಕೊಟ್ಟಳು. ಒಂಬತ್ತು ಜನ ಮಕ್ಕಳು ನಾವು. ಯಾರೂ ಸಾಯಲಿಲ್ಲ. ನಿಮಗೆ ನಂಬಿಕೆ ಇಲ್ಲಾಂದ್ರೆ ನಮ್ಮ ಅಕ್ಕನ್ನೇ ಕೇಳಿ. ಅವಳು ಆಗ ಇಲ್ಲೇ ಇದ್ಳು.”

ಅವರ ಅಕ್ಕ ಎಲ್ಲರಿಗಿಂತ ಹಿರಿಯರು, ತೊಂಬತ್ತರ ಹತ್ತಿರದವರು. ಟಿ. ನಗರದಲ್ಲಿ ಮಗನ ಮನೆಯಲ್ಲಿದ್ದರು. ಬ್ಯಾಂಕಮ್ಮ ಅಲ್ಲೇ ಫೋನ್ ಹಚ್ಚಿ, ಎಲ್ಲರಿಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದರು. ಯುದ್ಧದ ಕಾಲದ ಜಾಮ್ ಎಂದೊಡನೆ ಆ ಕಡೆಯಿಂದ ನಗು ಕೇಳಿತು.

“ಅದಾ? ಅದು ಎಲ್ಲಿ ತಿಂದ್ವಿ? ಜಾಡಿ ತುಂಬ ಪೂಂಜಾಳ ಬಂದ್ಬಿಟ್ಟಿತ್ತು. ಅಮ್ಮ ಎಲ್ಲಾನೂ ಕಿಣರು ಹತ್ರ ಕುಳಿ ತೋಡಿ ಕೊಟ್ಟಿ ಬಂದ್ಳು. ಅವತ್ತು ಊಟ ಮಾಡ್ಲಿಲ್ಲ ಅವಳು. ಕಾರ್ಡಿನ ಸಕ್ಕರೆ ವೇಸ್ಟ್ ಆಯ್ತೂಂತ ಅಪ್ಪ ಕೋಪಿಸ್ಕೋತಾರೇಂತ ನಾವೆಲ್ಲಾ ತಿಂದ್ವಿ ಅಂತ ಹೇಳಿದ್ದು. ನೀನು ಆಗ ಹುಟ್ಟೇ ಇರಲಿಲ್ವೇ.”

ಪೂಂಜಾಳ ಎಂದರೆ ಬೂಷ್ಟು. ಬಾವಿಯ ಹತ್ತಿರ ಗುಂಡಿ ತೋಡಿ ಸುರಿದರಂತೆ. ಪಕ್ಕದ ತೋಟದಾಕೆಗೆ ಕನ್ನಡ ಬಾರದಿದ್ದರೂ ಅಷ್ಟು ಕನ್ನಡ ಅರ್ಥವಾಯಿತು. ಅವಳು ಮುಖ ಬೇರೆ ಕಡೆ ತಿರುಗಿಸಿದಳು. ಬ್ಯಾಂಕಮ್ಮ ಫೋನ್ ಇಟ್ಟರು. ಶೆಡ್ಡಿನ ಮೆಟ್ಟಿಲ ಮೇಲೆ ಹೋಗಿ ಕೂತರು. ಅವರನ್ನು ನೋಡಿದರೆ ನನ್ನೊಡನೆ ವಾದದಲ್ಲಿ ಸೋತ ಬೇಸರ ಕಾಣಲಿಲ್ಲ. ಒಬ್ಬಳೇ ಕೂತು ಊಟ ಬಿಟ್ಟ ತಾಯಿಯನ್ನು ಅವರು ಮೊದಲ ಸಲ ಕಾಣುತ್ತಿದ್ದರೇನೋ.

ಆ ಹೊತ್ತಿನಲ್ಲಿ ನಾನು ನಿರ್ಧಾರಕ್ಕೆ ಬರಬೇಕಿತ್ತು. ಮಾಡಿದ್ದನ್ನು ಚೆಲ್ಲಬೇಕು ಎನ್ನುವುದರಲ್ಲಿ ನನಗೆ ಅನುಮಾನವಿರಲಿಲ್ಲ. ಪ್ರಶ್ನೆ ಇದ್ದದ್ದು ಮುಂದಿನದರ ಬಗ್ಗೆ. ಮರದಲ್ಲಿ ಇನ್ನೂ ಹಣ್ಣಿತ್ತು. ಉಳಿದ ಸಕ್ಕರೆಯಲ್ಲಿ ಸರಿಯಾಗಿ ಮಾಡಿದರೆ ಕೆಲವೇ ಬಾಟಲಿ. ಸಕ್ಕರೆಗೆ ಅಲೆಯುತ್ತ ಕೂತರೆ ಹಣ್ಣು ಕಾಯುವುದಿಲ್ಲ. ಅಲ್ಲಿಯ ತನಕ ನಾವೆಲ್ಲ ಜಾಮ್ ಎಂದೇ ಯೋಚಿಸುತ್ತಿದ್ದೆವು, ಆದರೆ ಕೆಡುತ್ತಿದ್ದದ್ದು ಹಣ್ಣು. ಅದನ್ನು ಉಳಿಸಿಕೊಂಡರೆ ಸಕ್ಕರೆ ಸಿಕ್ಕಾಗ ಜಾಮ್ ಮಾಡಬಹುದು.

“ಜಾಮ್ ನಿಲ್ಲಿಸೋಣ,” ಎಂದೆ. “ಒಂದು ಹಿಡಿ ಸಕ್ಕರೆಯೂ ಹಾಕದೆ ಬರೀ ತಿರುಳನ್ನ ಬಾಟಲಿಗೆ ತುಂಬೋಣ. ಬಿಸಿನೀರಿನಲ್ಲಿ ಕುದಿಸಿ ಸೀಲ್ ಮಾಡೋಣ. ಮಿಕ್ಕಿರೋ ಸಕ್ಕರೆ ಅವರವರ ಮನೆಗೆ ವಾಪಸ್ ಹೋಗಲಿ.”

ಸಕ್ಕರೆ ಹಾಕಿಯೇ ಕೆಟ್ಟಿದೆ, ಹಾಕದಿದ್ದರೆ ಉಳಿಯುತ್ತದೆಯೇ ಎಂಬ ಪ್ರಶ್ನೆ ಎಲ್ಲರ ಮುಖದಲ್ಲೂ ಇತ್ತು. ಮೊದಲು ಎದ್ದವರು ಬ್ಯಾಂಕಮ್ಮ. ಶೆಡ್ಡಿನ ಹಿಂದೆ ಹೋಗಿ ಗುದ್ದಲಿ ತಂದರು. ಬಾಟಲಿಗಳನ್ನು ಬಿಚ್ಚಿ, ಗುಂಡಿಗೆ ಸುರಿದು, ಮಣ್ಣು ಮುಚ್ಚುವುದರಲ್ಲಿ ಸಂಜೆಯಾಯಿತು. ಹೆಚ್ಚಿನ ಬಾಟಲಿಗಳನ್ನು ಸುರಿದದ್ದು ಅವರೇ. ಉಳಿದವರು ಮಣ್ಣೆಳೆದರು.

ಅಡುಗೆ ಕಂಟ್ರಾಕ್ಟರಿಗೆ ನಾನೇ ಫೋನ್ ಮಾಡಿದೆ. ಜಾಮ್ ಇಲ್ಲ, ಕೆಲವು ದಿನ ಕಾದರೆ ಮಾವಿನ ತಿರುಳು ಕೊಡಬಹುದು ಎಂದೆ.

“ಅದ್ಕೇನಂತೆ ಬುಡಿ ಮೇಡಮ್,” ಎಂದ. “ಹಾಲಿಗೆ ಆಕಿ ಸೀಕರಣೆ ಮಾಡ್ಕೊಡ್ತೀನಿ, ಚಪಾತಿಗೆ ನೆಂಚ್ಕೊಂಡು ತಿಂತಾರೆ. ಈ ಊರಲ್ಲಿ ಸೀಕರಣೆ ತಿಂದು ಎಷ್ಟ್ ದಿವ್ಸ ಆಯ್ತು.”

ಮುಚ್ಚಳ ಒತ್ತುವ ಕೈಯಂತ್ರ ನಮ್ಮ ಕೇಂದ್ರದಲ್ಲಿತ್ತು. ಬಾಟಲಿಗಳದೇ ಚಿಂತೆ. ರೆಡ್ ಹಿಲ್ಸ್ ರಸ್ತೆಯಲ್ಲಿ ಮುಚ್ಚಿದ್ದ ಸೋಡಾ ಕಾರ್ಖಾನೆಯ ಮಾಲೀಕನ ಮನೆ ಪಕ್ಕದ ತೋಟದಾಕೆಗೆ ಗೊತ್ತಿತ್ತು. ಅವಳು ಹೋಗಿ ಮಾತಾಡಿ, ಒಂದು ಗಾಡಿ ಖಾಲಿ ಬಾಟಲಿಯನ್ನೂ ಹೊಸ ಮುಚ್ಚಳಗಳ ಚೀಲವನ್ನೂ ತಂದಳು. ಹೇಗೆ ಒಪ್ಪಿದ ಎಂದು ಕೇಳಿದರೆ, “ಅವನಿಗೂ ಮನೇಲಿ ಕೂತು ಬೇಜಾರಾಗಿತ್ತು,” ಎಂದಳು.

ಸಕ್ಕರೆ ಇಲ್ಲದ ಮೇಲೆ ಕಾಪಾಡುವುದು ಎರಡೇ, ಹುಳಿ ಮತ್ತು ಶಾಖ. ಬಂಗನಪಲ್ಲಿ ಹಣ್ಣಾದಷ್ಟೂ ಹುಳಿ ಕಳೆದುಕೊಳ್ಳುತ್ತದೆ. ಹುಳಿ ಕಡಿಮೆಯಿದ್ದರೆ ಗಾಳಿಯಾಡದ ಬಾಟಲಿಯೊಳಗೆ ಬೂಷ್ಟಿಗಿಂತ ಅಪಾಯಕಾರಿಯಾದದ್ದು ಬೆಳೆಯಬಹುದು. ಹಾಗಾಗಿ ಪ್ರತಿ ಪಾತ್ರೆಯನ್ನೂ ಹುಳಿಗೆ ತಕ್ಕಂತೆ ಬಣ್ಣ ಬದಲಿಸುವ ಪಟ್ಟಿ ಅದ್ದಿ ಪರೀಕ್ಷಿಸಿ, ಗಿಣಿಮೂತಿಯ ತಿರುಳನ್ನೂ ಸಿಟ್ರಿಕ್ ಆಮ್ಲವನ್ನೂ ಬೇಕಾದಷ್ಟು ಸೇರಿಸಿದೆ. ಈ ಪರೀಕ್ಷೆಯನ್ನು ಒಬ್ಬರು ಮಾಡಿದರೆ ಸಾಲದು, ಇಬ್ಬರು ನೋಡಿ ಹೌದೆನ್ನಬೇಕು ಎಂದು ನಿಯಮ ಮಾಡಿದೆ. ಆ ಇಬ್ಬರಲ್ಲಿ ಒಬ್ಬರು ತಾವೇ ಆಗುವುದಾಗಿ ಬ್ಯಾಂಕಮ್ಮ ಹೇಳಿದರು. ಬೇಡವೆನ್ನಲು ನನಗೆ ಕಾರಣ ಕಾಣಲಿಲ್ಲ. ಅಂಕಿ ತಪ್ಪಿದರೆ ಏನಾಗುತ್ತದೆ ಎನ್ನುವುದು ಈಗ ಅಲ್ಲಿ ಅವರಿಗಿಂತ ಚೆನ್ನಾಗಿ ಗೊತ್ತಿದ್ದವರು ಇರಲಿಲ್ಲ.

ತಿರುಳನ್ನು ಸೋಸಿ, ಕುದಿಗೆ ಸ್ವಲ್ಪ ಕೆಳಗೆ ಬರುವ ತನಕ ಕಾಯಿಸಿ, ಬಿಸಿಯಿದ್ದಾಗಲೇ ಬಿಸಿ ಬಾಟಲಿಗೆ ತುಂಬಿ ಮುಚ್ಚಳ ಒತ್ತಬೇಕು. ಆಮೇಲೆ ಬಾಟಲಿಗಳನ್ನು ಡ್ರಮ್ಮಿನಲ್ಲಿ ಮುಳುಗಿಸಿ ಅರ್ಧ ಗಂಟೆ ಕುದಿಸಬೇಕು. ಮೊದಲ ಡ್ರಮ್ಮಿನಲ್ಲೇ ಬಾಟಲಿಗಳು ಪಟಪಟನೆ ಒಡೆದವು. ತಳಕ್ಕೆ ಗೋಣಿ ಹಾಸಿದ್ದೆವು, ನೀರನ್ನೂ ಕಾಯಿಸಿಯೇ ಬಿಟ್ಟಿದ್ದೆವು. ಆದರೂ ಒಡೆಯಿತು. ಚೂರುಗಳನ್ನು ತೆಗೆದು ನೋಡಿದರೆ ಎಲ್ಲವೂ ಕುತ್ತಿಗೆಯಿಂದ ಬಿರುಕು ಬಿಟ್ಟಿದ್ದವು. ಬಾಟಲಿಯಲ್ಲಿ ತಿರುಳನ್ನು ಮುಚ್ಚಳದ ತನಕ ತುಂಬಿದ್ದರು, ಹಿಗ್ಗಲು ಜಾಗವಿರಲಿಲ್ಲ. ಒಂದು ಹಣ್ಣೂ ದಂಡವಾಗದಿರಲಿ ಎಂದು ತುಂಬಿದ ಕೈಗಳು. ಎರಡು ಬೆರಳು ಖಾಲಿ ಬಿಡಿ ಎಂದೆ. ಆ ಮೇಲೆ ಒಡೆದದ್ದು ಅಪರೂಪ.

ತುಂಬಿದ್ದನ್ನು ಕೂಡಲೇ ಕಳಿಸಲಿಲ್ಲ. ಪ್ರತಿ ಡ್ರಮ್ಮಿನಿಂದ ಕೆಲವು ಬಾಟಲಿ ಎತ್ತಿ ತಗಡಿನ ಮಾಡಿನ ಕೆಳಗೆ, ಎಲ್ಲಕ್ಕಿಂತ ಸೆಕೆಯಿರುವ ಮೂಲೆಯಲ್ಲಿಟ್ಟೆವು. ಕೆಡುವುದಿದ್ದರೆ ಅಲ್ಲಿ ಮೊದಲು ಕೆಡಬೇಕು. ಪಕ್ಕದ ತೋಟದಾಕೆ ದಿನಾ ಬೆಳಿಗ್ಗೆ ಒಂದೊಂದರ ಮುಚ್ಚಳದ ಮೇಲೆ ಹೆಬ್ಬೆರಳು ಒತ್ತಿ ನೋಡುತ್ತಿದ್ದಳು. ಒಂದು ಬಾಟಲಿ ಉಬ್ಬಿತು. ಮುಚ್ಚಳ ಬಿಚ್ಚಿದರೆ ಅಂಚಿನಲ್ಲಿ ಮಡಿಕೆ ಬಿದ್ದು ಸಂದಿಯಾಗಿತ್ತು. ಆ ಡ್ರಮ್ಮಿನ ಎಲ್ಲ ಬಾಟಲಿಗಳ ಮುಚ್ಚಳಗಳನ್ನೂ ಒಂದೊಂದಾಗಿ ಪರೀಕ್ಷಿಸಿ, ಅನುಮಾನ ಬಂದದ್ದನ್ನೆಲ್ಲ ಚೆಲ್ಲಿದೆವು. ಉಳಿದವು ಹಾಗೇ ನಿಂತವು. ಎರಡು ವಾರ ಕಳೆದ ಮೇಲೆ ಒಂದು ತೆಗೆದು ನಾನು ಮೊದಲು, ಆಮೇಲೆ ಬ್ಯಾಂಕಮ್ಮ ಕುಡಿದೆವು. ಅವರಿಗೆ ಸಕ್ಕರೆ ಕಾಯಿಲೆ. ವೈದ್ಯರು ಮಾವು ಬೇಡವೆಂದಿದ್ದರು. “ಟೆಸ್ಟಿಂಗಿಗೆ ಕುಡಿದಿದ್ದು ಲೆಕ್ಕಕ್ಕಿಲ್ಲ,” ಎಂದರು. ಮರುದಿನ ವ್ಯಾನು ತುಂಬಿತು.

ಮರಗಳು ಖಾಲಿಯಾಗುವ ತನಕ ಕೆಲಸ ನಡೆಯಿತು. ಲಾಡ್ಜಿಗೆ ಹೋಗಿ ಮಿಕ್ಕದ್ದನ್ನು ಶೆಡ್ಡಿನ ಕತ್ತಲೆ ಕೋಣೆಯಲ್ಲಿ ಕ್ರೇಟುಗಳಲ್ಲಿ ಜೋಡಿಸಿದೆವು. ನಾನು ಕೇಂದ್ರದ ಕೆಲಸಕ್ಕೆ ಮರಳಿದೆ.

ದೀಪಾವಳಿ ಬರುವ ಐಪ್ಪಸಿ ತಿಂಗಳ ಮಳೆ ಶುರುವಾಗುವ ಹೊತ್ತಿಗೆ ಸಕ್ಕರೆ ಮೂಟೆಯಲ್ಲೇ ಸಿಗತೊಡಗಿತು. ಬ್ಯಾಂಕಮ್ಮ ಎಲ್ಲರನ್ನೂ ಮತ್ತೆ ಕರೆದರು. ಈ ಸಲ ತಿರುಳು ತಯಾರಿತ್ತು, ಮುಕ್ಕಾಲು ತೂಕದ ಸಕ್ಕರೆ ಇತ್ತು, ಅಂಕಿ ಅರವತ್ತೆಂಟಕ್ಕೆ ಬಂದು ನಿಂತಿತು. ಸೌಟಿನಿಂದ ಜಾಮ್ ಹಾಳೆಯಂತೆ ಜಾರಿತು. ಮಳೆಯ ಸದ್ದಿನಲ್ಲಿ ಹೆಂಗಸರ ಮಾತು ಕೇಳಿಸುತ್ತಿರಲಿಲ್ಲ, ನಗುವುದು ಮಾತ್ರ ಕಾಣುತ್ತಿತ್ತು. ಒಂದೊಂದೇ ಕ್ರೇಟು ಬಿಚ್ಚುತ್ತ ಕೊನೆಯ ಎರಡಕ್ಕೆ ಬಂದಿದ್ದೆವು. ಮಳೆ ತುಸು ತಗ್ಗಿದಾಗ ಅಡುಗೆ ಕಂಟ್ರಾಕ್ಟರನ ಫೋನ್ ಬಂತು. ಜಾಮ್ ಆಯಿತು, ನಾಳೆ ಕಳಿಸುತ್ತೇವೆ ಎಂದು ನಾನೇ ಮೊದಲು ಹೇಳಿದೆ.

“ಜಾಮ್ ಇರ್ಲಿ ಮೇಡಮ್,” ಎಂದ. “ಆ ಬರೀ ಹಣ್ಣಿನ್ ಬಾಟ್ಲು ಒಂದೆರಡು ಉಳ್ದವಾ? ಇಲ್ಲೊಬ್ಬ ಸಿಸ್ಟರ್‌ಗೆ ಕೋವಿಡ್ ಬಂದು ಹೋಗಿ ಬಾಳ ದಿನ ಆಯ್ತು. ಅವತ್ತಿಂದ ಮೂಗಿಗೆ ಯಾವ ವಾಸ್ನೆನೂ ಇಲ್ಲ. ನಾನ್ ಮಾಡಿದ್ ಸಾರೂ ಒಂದೆ, ಬಿಸ್ನೀರೂ ಒಂದೆ ಅಂತಿದ್ರು. ನಿನ್ನೆ ನಮ್ಮತ್ರ ಇದ್ದ ಕಡೇ ಬಾಟ್ಲು ಮುಚ್ಳ ತೆಗ್ದೆ. ಆಯಮ್ಮ ಅಲ್ಲೇ ಕೂತಿದ್ರು. ತಿರುಗಿ ನೋಡಿ, ಮಾವಿನಹಣ್ಣಾ ಅಂದ್ರು. ನಾನಿನ್ನೂ ಏನೂ ಹೇಳಿರ್ಲಿಲ್ಲ.”

ಇದಕ್ಕೆ ನಾನು ಯಾವ ಅರ್ಥವನ್ನೂ ಹಚ್ಚುವುದಿಲ್ಲ. ಕುದಿಸಿದ ತಿರುಳಿನಲ್ಲಿ ಪರಿಮಳ ಅರ್ಧಕ್ಕೂ ಕಡಿಮೆ ಉಳಿಯುತ್ತದೆ. ಹೋದ ವಾಸನೆ ತನ್ನಷ್ಟಕ್ಕೆ ತಾನೇ ಮರಳುವುದೂ ಉಂಟು, ಅವತ್ತು ಮರಳಿರಬಹುದು. ನಾನು ಅವನು ಹೇಳಿದ್ದನ್ನು ಹೇಳಿದಂತೆಯೇ ಹೆಂಗಸರಿಗೆ ತಮಿಳಿನಲ್ಲಿ ಹೇಳಿದೆ.

ಪಕ್ಕದ ತೋಟದಾಕೆ ಒಲೆಯ ಉರಿ ತಗ್ಗಿಸಿದಳು. ಬ್ಯಾಂಕಮ್ಮನ ಕೈಯಲ್ಲಿ ಒಂದು ಬಾಟಲಿ ಇತ್ತು, ಇನ್ನೊಂದು ಕೈಯಲ್ಲಿ ಓಪನರ್. ಮುಚ್ಚಳದ ಅಂಚಿಗೆ ಹಚ್ಚಿದ್ದ ಓಪನರನ್ನು ತೆಗೆದರು.

“ಎರಡು ಕ್ರೇಟೂ ಹಾಗೇ ಇರಲಿ,” ಎಂದರು. “ಆ ನರ್ಸ್ ಹುಡುಗಿಗೆ ಒಂದು ಬಾಟಲು ಸೀಲ್ ಒಡೆಯದೇ ಕೊಡಕ್ಕೆ ಹೇಳಿ ಮ್ಮ. ಅವಳೇ ತೆಗೀಲಿ.”